ಒಬ್ಬರು ತಪ್ಪು ಒತ್ತಿದರೆ ಮನೆಯೆಲ್ಲ ಮುಳುಗಬಾರದು

ಕೋಲಾರದ ಕಡೆ ಮನೆಗಳಲ್ಲಿ ಕಂಪ್ಯೂಟರ್ ಅಂದರೆ ಸಾಮಾನ್ಯವಾಗಿ ಒಂದೇ. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ತಂದದ್ದು, ಈಗ ಹಾಲ್ ಮೂಲೆಯ ಟೇಬಲ್ ಮೇಲೆ ಕೂತಿರುತ್ತದೆ. ಪಿಯುಸಿ ಓದುವ ಮಗಳು ಅದರಲ್ಲೇ ಸಿಇಟಿ ಅರ್ಜಿ ತುಂಬುತ್ತಾಳೆ. ಚಿಕ್ಕವನು ಗೇಮ್ ಆಡುತ್ತಾನೆ. ಅಪ್ಪ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯುತ್ತಾರೆ, ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸ್ ಎಷ್ಟಕ್ಕೆ ಹೋಯಿತು ಅಂತ ನೋಡುತ್ತಾರೆ. ಅಮ್ಮನ ವಾಟ್ಸ್‌ಆ್ಯಪ್ ವೆಬ್ ತೆರೆದೇ ಇರುತ್ತದೆ. ಲಾಗಿನ್ ಎಲ್ಲರಿಗೂ ಒಂದೇ, ಪಾಸ್‌ವರ್ಡ್ ಇಲ್ಲ. ಮನೆಯೊಳಗೆ ಯಾರಿಗೆ ಯಾರ ಮೇಲೆ ಅನುಮಾನ, ಅಲ್ವಾ?

ಇಂಥ ಮನೆಯವರು ಮೊದಲು ಕೇಳುವುದು "ಯಾವ ಆ್ಯಂಟಿವೈರಸ್ ಒಳ್ಳೇದು?" ಅಂತ. ಅದಕ್ಕೆ ಉತ್ತರ ಚಿಕ್ಕದು. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆ ಬಳಕೆಗೆ ಸಾಕು, ಅದನ್ನು ಆಫ್ ಮಾಡದೆ ಬಿಟ್ಟರೆ ಆಯಿತು. ನನಗೆ ಮುಖ್ಯ ಅನಿಸುವ ಪ್ರಶ್ನೆ ಬೇರೆ ಇದೆ. ಈ ಮನೆಯಲ್ಲಿ ಯಾರಾದರೂ ಒಬ್ಬರು, ಯಾವತ್ತೋ ಒಂದು ದಿನ, ಒತ್ತಬಾರದ್ದನ್ನು ಒತ್ತಿಯೇ ಒತ್ತುತ್ತಾರೆ. ಆವತ್ತು ಏನೇನು ಹೋಗುತ್ತದೆ?

"ಹುಷಾರಾಗಿರಿ" ಅಂತ ಹೇಳುವುದು ಸುಲಭ. ಆದರೆ ಮಂಡಿಯಲ್ಲಿ ಹರಾಜು ನಡೆಯುತ್ತಿರುವಾಗ, ಒಲೆ ಮೇಲೆ ಹಾಲು ಉಕ್ಕುತ್ತಿರುವಾಗ, ರೈಲಲ್ಲಿ ನಿಂತುಕೊಂಡೇ ಬೆಂಗಳೂರಿಗೆ ಹೋಗುತ್ತಿರುವಾಗ ಬರುವ ಮೆಸೇಜನ್ನು ಯಾರೂ ಪೂರ್ತಿ ಗಮನ ಕೊಟ್ಟು ಓದುವುದಿಲ್ಲ. ಮೋಸಗಾರರಿಗೆ ಇದು ಚೆನ್ನಾಗಿ ಗೊತ್ತು. ಹೊಲಕ್ಕೆ ಬದು ಹಾಕುವುದು ಮಳೆ ಬಾರದಿರಲಿ ಅಂತ ಅಲ್ಲ. ಒಂದು ತಾಕು ಕೊಚ್ಚಿಹೋದರೂ ಪಕ್ಕದ್ದು ಉಳಿಯಲಿ ಅಂತ. ಮನೆಯ ಕಂಪ್ಯೂಟರ್, ಫೋನ್, ದುಡ್ಡು, ಪಾಸ್‌ವರ್ಡ್ ಇವುಗಳ ನಡುವೆ ಅಂಥ ಬದು ಎಲ್ಲೆಲ್ಲಿ ಹಾಕಬೇಕು ಅನ್ನುವುದೇ ಈ ಲೇಖನದ ವಿಷಯ.

ಮೊದಲು ಕಂಪ್ಯೂಟರ್

ಕಂಪ್ಯೂಟರಿನೊಳಗೆ ಕೆಟ್ಟದ್ದು ಬರಲು ದಾರಿ ಎರಡು. ಒಂದು, ಸಾಫ್ಟ್‌ವೇರ್‌ನಲ್ಲೇ ಇರುವ ತೂತು. ಇನ್ನೊಂದು, ನಾವೇ ಬಾಗಿಲು ತೆಗೆದು ಒಳಗೆ ಬಿಟ್ಟುಕೊಳ್ಳುವುದು.

ತೂತಿನ ವಿಷಯಕ್ಕೆ 2017ರ ಕಥೆ ಸಾಕು. ಆ ವರ್ಷ ಮೇ 12ರಂದು ವಾನ್ನಾಕ್ರೈ ಅನ್ನುವ ಪ್ರೋಗ್ರಾಮ್ ಜಗತ್ತಿನಾದ್ಯಂತ ಹರಡಿತು. ಸುಮಾರು 150 ದೇಶಗಳಲ್ಲಿ ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಬಿತ್ತು, ಬೀಗ ತೆಗೆಯಲು ದುಡ್ಡು ಕೇಳಿದರು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಕೆಲಸವೇ ನಿಂತಿತು. ಅದು ನುಗ್ಗಿದ್ದ ತೂತನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಅಂದರೆ ಹೆಚ್ಚುಕಮ್ಮಿ ಎರಡು ತಿಂಗಳು ಮೊದಲು. "ಆಮೇಲೆ ಮಾಡೋಣ" ಅಂತ ಬಿಟ್ಟ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು.

ಹಾಗಾಗಿ ಅಪ್‌ಡೇಟ್ ಕೇಳಿದಾಗ ಮಾಡಿಬಿಡಿ. ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮನೆ ಬಳಕೆದಾರರು ಹೆಸರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಭದ್ರತೆಯ ಅಪ್‌ಡೇಟ್ ಮಾತ್ರ ಸಿಗುವ ವ್ಯವಸ್ಥೆ ಮಾಡಿದ್ದಾರೆ. ಕೊರೊನಾ ಕಾಲದಲ್ಲಿ ಕೊಂಡ ಎಷ್ಟೋ ಲ್ಯಾಪ್‌ಟಾಪ್‌ಗಳು ಈ ಗುಂಪಿಗೇ ಸೇರುತ್ತವೆ. ನಿಮ್ಮದು 11ಕ್ಕೆ ಏರುತ್ತದೆಯೋ ಇಲ್ಲವೋ ಅಂತ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟವೇ ಹೇಳುತ್ತದೆ. ಏರದಿದ್ದರೆ ಆ ಮಿಷನ್ನನ್ನು ಪಾಠ, ವಿಡಿಯೋಗೆ ಇಟ್ಟುಕೊಂಡು ಬ್ಯಾಂಕ್ ಕೆಲಸವನ್ನು ಬೇರೆ ಕಡೆ ಮಾಡಿ. "ಫ್ರೀಯಾಗಿ ಒರಿಜಿನಲ್ ಮಾಡಿಕೊಡ್ತೀನಿ" ಅಂತ ಯಾರಾದರೂ ಆ್ಯಕ್ಟಿವೇಟರ್ ಹಾಕಲು ಬಂದರೆ ಬೇಡ ಅನ್ನಿ. ಅದನ್ನು ಹಾಕುವ ಮೊದಲು ಅವರು ಮಾಡುವ ಮೊದಲ ಕೆಲಸವೇ ಡಿಫೆಂಡರ್ ಆಫ್ ಮಾಡುವುದು. ಆಮೇಲೆ ಅದರ ಜೊತೆ ಏನು ಬಂತು ಅಂತ ನೋಡುವವರು ಯಾರೂ ಇರುವುದಿಲ್ಲ.

ಈಗ ಎರಡನೇ ದಾರಿ, ನಮ್ಮ ಕೈ. ಇದಕ್ಕೆ ತುಂಬ ಕಮ್ಮಿ ಜನ ಮಾಡುವ ಒಂದು ಕೆಲಸವಿದೆ. ಕಾಸು ಖರ್ಚಿಲ್ಲ.

ವಿಂಡೋಸ್‌ನಲ್ಲಿ ಅಕೌಂಟ್ ಎರಡು ಬಗೆ: ಅಡ್ಮಿನಿಸ್ಟ್ರೇಟರ್ ಮತ್ತು ಸ್ಟ್ಯಾಂಡರ್ಡ್. ಹೊಸ ಕಂಪ್ಯೂಟರಿನಲ್ಲಿ ಮೊದಲು ತೆರೆಯುವ ಅಕೌಂಟ್ ಅಡ್ಮಿನಿಸ್ಟ್ರೇಟರ್ ಆಗಿರುತ್ತದೆ. ಮನೆಯವರೆಲ್ಲ ಅದರಲ್ಲೇ ಕೆಲಸ ಮಾಡುತ್ತಾರೆ. ಯಾವುದಾದರೂ ಪ್ರೋಗ್ರಾಮ್ ಇನ್‌ಸ್ಟಾಲ್ ಆಗಲು ಹೊರಟಾಗ ಪರದೆ ಮಬ್ಬಾಗಿ, ನಡುವೆ ಒಂದು ಪ್ರಶ್ನೆ ಬರುತ್ತದೆ, "ಈ ಆ್ಯಪ್ ನಿಮ್ಮ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಬಹುದೇ?" ಅಂತ. ಅಡ್ಮಿನಿಸ್ಟ್ರೇಟರ್ ಆಗಿ ಕೂತವರಿಗೆ ಅಲ್ಲಿ "ಎಸ್", "ನೋ" ಎರಡೇ ಬಟನ್. ಗೇಮ್‌ನ ಆತುರದಲ್ಲಿರುವ ಹನ್ನೆರಡು ವರ್ಷದ ಹುಡುಗ ಯಾವುದನ್ನು ಒತ್ತುತ್ತಾನೆ ಅಂತ ಹೇಳಬೇಕಾಗಿಲ್ಲ. ಅದೇ ಹುಡುಗ ಸ್ಟ್ಯಾಂಡರ್ಡ್ ಅಕೌಂಟಿನಲ್ಲಿ ಕೂತಿದ್ದರೆ ಅದೇ ಪ್ರಶ್ನೆಯ ಕೆಳಗೆ ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುವ ಜಾಗ ಇರುತ್ತದೆ. ಅವನಿಗೆ ಅದು ಗೊತ್ತಿಲ್ಲ. ಎದ್ದು ಬಂದು "ಅಪ್ಪಾ, ಇದು ಏನೋ ಕೇಳ್ತಿದೆ" ಅನ್ನಲೇಬೇಕು. ಎಷ್ಟೋ ಅನಾಹುತ ಆ ನಾಲ್ಕು ಹೆಜ್ಜೆಯಲ್ಲೇ ನಿಂತುಹೋಗುತ್ತದೆ.

ಮಾಡುವುದು ಹೀಗೆ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರ್ ಯೂಸರ್ಸ್‌ಗೆ ಹೋಗಿ ಮನೆಯಲ್ಲಿ ಕಂಪ್ಯೂಟರ್ ಮುಟ್ಟುವ ಪ್ರತಿಯೊಬ್ಬರಿಗೂ ಒಂದೊಂದು ಸ್ಟ್ಯಾಂಡರ್ಡ್ ಅಕೌಂಟ್ ತೆರೆಯಿರಿ. ಅಡ್ಮಿನಿಸ್ಟ್ರೇಟರ್ ಅಕೌಂಟಿಗೆ ಗಟ್ಟಿ ಪಾಸ್‌ವರ್ಡ್ ಹಾಕಿ, ಅದನ್ನು ಇನ್‌ಸ್ಟಾಲ್ ಮಾಡುವುದಕ್ಕೆ ಮಾತ್ರ ಬಳಸಿ. ದಿನನಿತ್ಯಕ್ಕೆ ನೀವೂ ಸ್ಟ್ಯಾಂಡರ್ಡ್ ಅಕೌಂಟಿನಲ್ಲೇ ಕೂರಿ. ದೊಡ್ಡವರು ಅಂತ ಬಿಟ್ಟುಬಿಡಬೇಡಿ, ತಪ್ಪು ಒತ್ತುವುದರಲ್ಲಿ ದೊಡ್ಡವರು ಚಿಕ್ಕವರಿಗಿಂತ ಕಮ್ಮಿ ಇಲ್ಲ. ಇನ್ನೊಂದು ಲಾಭವೂ ಇದೆ. ಬ್ರೌಸರಿನಲ್ಲಿ ಸೇವ್ ಆದ ಪಾಸ್‌ವರ್ಡ್, ತೆರೆದಿಟ್ಟ ಮೇಲ್, ವಾಟ್ಸ್‌ಆ್ಯಪ್ ವೆಬ್ ಎಲ್ಲವೂ ಅವರವರ ಅಕೌಂಟಿನಲ್ಲೇ ಉಳಿಯುತ್ತವೆ.

ಆದರೆ ಇದರ ಮಿತಿಯೂ ಗೊತ್ತಿರಲಿ. ಸ್ಟ್ಯಾಂಡರ್ಡ್ ಅಕೌಂಟಿನಲ್ಲಿ ಓಡಿದ ಕೆಟ್ಟ ಪ್ರೋಗ್ರಾಮ್ ಇಡೀ ಸಿಸ್ಟಮ್ ಹಾಳು ಮಾಡುವುದು ಕಷ್ಟ, ಆದರೆ ಆ ಅಕೌಂಟಿನ ಸ್ವಂತ ಫೈಲುಗಳಿಗೆ ಬೀಗ ಹಾಕಬಲ್ಲದು. ಅದಕ್ಕೇ ಬ್ಯಾಕಪ್ ಬೇಕು. ಪಹಣಿ ಸರ್ಕಾರದ "ಭೂಮಿ" ವೆಬ್‌ಸೈಟಿನಲ್ಲಿ ಮತ್ತೆ ಸಿಗುತ್ತದೆ, ಎಷ್ಟೋ ಮಾರ್ಕ್ಸ್ ಕಾರ್ಡ್ ಡಿಜಿಲಾಕರ್‌ನಲ್ಲಿ ಸಿಗುತ್ತವೆ. ಎಲ್ಲಿಯೂ ಮತ್ತೆ ಸಿಗದಿರುವುದು ಮಗಳ ಮೊದಲ ಹುಟ್ಟುಹಬ್ಬದ ಫೋಟೋ, ತೀರಿಹೋದ ತಾತನ ದನಿ ಇರುವ ವಿಡಿಯೋ. ಒಂದು ಹಾರ್ಡ್ ಡಿಸ್ಕ್ ತಂದು ತಿಂಗಳಿಗೊಮ್ಮೆ ಅವುಗಳನ್ನು ಕಾಪಿ ಮಾಡಿ, ಮುಗಿದ ಕೂಡಲೇ ಕೇಬಲ್ ಕಿತ್ತು ಬೀರುವಿನಲ್ಲಿಡಿ. ಕೀಳುವುದು ಮುಖ್ಯ. ಚುಚ್ಚಿಯೇ ಇಟ್ಟರೆ ಬೀಗ ಅದಕ್ಕೂ ಬೀಳುತ್ತದೆ.

ಇನ್ನೊಂದು ಸಣ್ಣ ಕಾಟ. ಬಹಳ ಮನೆಗಳ ಕಂಪ್ಯೂಟರಿನಲ್ಲಿ ಬಲಗಡೆ ಮೂಲೆಯಲ್ಲಿ "ನಿಮ್ಮ ಕಂಪ್ಯೂಟರಿಗೆ 5 ವೈರಸ್ ಬಂದಿದೆ" ಅಂತ ಪದೇ ಪದೇ ಬರುತ್ತಿರುತ್ತದೆ. ಸಾಮಾನ್ಯವಾಗಿ ಅಲ್ಲಿ ವೈರಸ್ಸೇ ಇರುವುದಿಲ್ಲ. ಯಾವುದೋ ಸೈಟಿನಲ್ಲಿ ಸಿನಿಮಾ ನೋಡುವಾಗ ನೋಟಿಫಿಕೇಶನ್‌ಗೆ "ಅಲೋ" ಒತ್ತಿರುತ್ತಾರೆ, ಆ ಸೈಟ್ ಕಳಿಸುವ ಜಾಹೀರಾತು ಅದು. ಕ್ರೋಮ್ ಸೆಟ್ಟಿಂಗ್ಸ್‌ನ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಶನ್ಸ್‌ಗೆ ಹೋಗಿ ಗೊತ್ತಿಲ್ಲದ ಹೆಸರುಗಳನ್ನು ತೆಗೆದುಹಾಕಿ. ಪರದೆ ತುಂಬ ಕೆಂಪು ಎಚ್ಚರಿಕೆ ಬಂದು "ಈ ನಂಬರಿಗೆ ಫೋನ್ ಮಾಡಿ" ಅಂದರೂ ಅಷ್ಟೇ. ಫೋನ್ ಮಾಡಬೇಡಿ. ಕ್ಲೋಸ್ ಮಾಡಿ, ಆಗದಿದ್ದರೆ ಪವರ್ ಬಟನ್ ಒತ್ತಿಹಿಡಿದು ಆರಿಸಿ. ಆ ನಂಬರಿನವರು ಎನಿಡೆಸ್ಕ್, ಟೀಮ್‌ವ್ಯೂವರ್ ತರಹದ ಆ್ಯಪ್ ಹಾಕಿಸುತ್ತಾರೆ. ಅವು ಒಳ್ಳೆಯ ಕೆಲಸಕ್ಕೆ ಮಾಡಿದ ಆ್ಯಪ್‌ಗಳೇ, ಆದರೆ ಅದರಿಂದ ನಿಮ್ಮ ಪರದೆ ಪೂರ್ತಿ ಅವರ ಕೈಗೆ ಹೋಗುತ್ತದೆ.

ಮದುವೆ ಪತ್ರಿಕೆ ಹೆಸರಿನಲ್ಲಿ ಬರುವ ಎಪಿಕೆ

ಮನೆಯ ಕಂಪ್ಯೂಟರಿಗಿಂತ ಈಗ ಜಾಸ್ತಿ ಕಷ್ಟ ಬರುತ್ತಿರುವುದು ಫೋನಿನಿಂದ. ಅದರಲ್ಲೂ ಎಪಿಕೆ ಫೈಲಿನಿಂದ, ಅಂದರೆ ಪ್ಲೇ ಸ್ಟೋರಿಗೆ ಹೋಗದೆ ನೇರವಾಗಿ ಫೋನಿಗೆ ಆ್ಯಪ್ ಹಾಕುವ ಫೈಲಿನಿಂದ. ಇದು ಹೇಗೆ ಕೆಲಸ ಮಾಡುತ್ತದೆ ಅಂತ ಒಂದೊಂದೇ ಹೆಜ್ಜೆ ನೋಡಿದರೆ, ಎಲ್ಲಿ ನಿಲ್ಲಿಸಬಹುದು ಅನ್ನುವುದೂ ಕಾಣುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೈಲ್ ಬರುತ್ತದೆ. ಹೆಸರು "ಮದುವೆ ಆಮಂತ್ರಣ" ಅಂತಲೋ, "ಆರ್‌ಟಿಓ ಚಲನ್" ಅಂತಲೋ, "ಪಿಎಂ ಕಿಸಾನ್" ಅಂತಲೋ ಇರುತ್ತದೆ. ಕೊನೆಯಲ್ಲಿ ಚುಕ್ಕಿ ಹಾಕಿ ಎಪಿಕೆ ಅನ್ನುವ ಮೂರು ಅಕ್ಷರ. ಕಳಿಸಿದವರು ಗೊತ್ತಿರುವವರೇ ಆಗಿರಬಹುದು, ಯಾಕೆಂದರೆ ಅವರ ಫೋನ್ ಮೊದಲೇ ಹೋಗಿರುತ್ತದೆ, ಅವರಿಗೇ ಗೊತ್ತಿರುವುದಿಲ್ಲ. ಒತ್ತಿದ ಕೂಡಲೇ ಆ್ಯಂಡ್ರಾಯ್ಡ್ ತಡೆಯುತ್ತದೆ: ಗೊತ್ತಿಲ್ಲದ ಕಡೆಯಿಂದ ಆ್ಯಪ್ ಹಾಕಲು ಅನುಮತಿ ಇಲ್ಲ ಅಂತ. ಇದು ಮೊದಲ ತಡೆ. ಜನ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ತಾವೇ ಆನ್ ಮಾಡುತ್ತಾರೆ. ಫೋನಿನಲ್ಲೇ ಇರುವ ಗೂಗಲ್‌ನ ಕಾವಲು, ಪ್ಲೇ ಪ್ರೊಟೆಕ್ಟ್, ಇನ್ನೊಮ್ಮೆ ಎಚ್ಚರಿಸಬಹುದು. "ಇನ್‌ಸ್ಟಾಲ್ ಎನಿವೇ" ಒತ್ತುತ್ತಾರೆ. ಆಮೇಲೆ ಆ್ಯಪ್ ಕೇಳುತ್ತದೆ: ನಿಮ್ಮ ಎಸ್‌ಎಂಎಸ್ ಓದಲೇ? ಕೆಲವು ಆ್ಯಪ್‌ಗಳು ಆ್ಯಕ್ಸೆಸಿಬಿಲಿಟಿ ಅನುಮತಿಯನ್ನೂ ಕೇಳುತ್ತವೆ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳಲಿಕ್ಕೆ ಇರುವ ಸೌಲಭ್ಯ ಅದು. ಅದನ್ನು ಕೊಟ್ಟರೆ ಆ ಆ್ಯಪ್ ಪರದೆ ಮೇಲಿನದ್ದೆಲ್ಲ ಓದಬಹುದು, ನಿಮ್ಮ ಪರವಾಗಿ ಬಟನ್ ಒತ್ತಲೂಬಹುದು.

ಅಲ್ಲಿಗೆ ಮುಗಿಯಿತು. ಆ್ಯಪ್‌ನ ಚಿತ್ರ ಫೋನಿನಿಂದ ಮಾಯವಾಗುತ್ತದೆ. ನೀವು "ಏನೋ ಓಪನ್ ಆಗಲಿಲ್ಲ" ಅಂತ ಸುಮ್ನೆ ಬಿಡುತ್ತೀರಿ. ಬ್ಯಾಂಕಿನಿಂದ ಬರುವ ಪ್ರತಿ ಒಟಿಪಿ ಇನ್ನೆಲ್ಲೋ ಕೂತವನಿಗೆ ಹೋಗುತ್ತಿರುತ್ತದೆ. "ನಾನು ಯಾರಿಗೂ ಒಟಿಪಿ ಹೇಳಲೇ ಇಲ್ಲ, ಆದರೂ ದುಡ್ಡು ಹೋಯಿತು" ಅನ್ನುವವರಲ್ಲಿ ಎಷ್ಟೋ ಜನರ ಕಥೆ ಇದೇ. ಅವರು ಹೇಳುವುದು ನಿಜ.

ಮದುವೆ ಪತ್ರಿಕೆ ಫೋಟೋ ಆಗಿ ಬರುತ್ತದೆ, ಪಿಡಿಎಫ್ ಆಗಿ ಬರುತ್ತದೆ, ವಿಡಿಯೋ ಆಗಿ ಬರುತ್ತದೆ. ಆ್ಯಪ್ ಆಗಿ ಬರುವುದಿಲ್ಲ. ಮನೆಯ ಪ್ರತಿ ಫೋನಿನಲ್ಲೂ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ "ಅನ್‌ನೋನ್ ಆ್ಯಪ್ಸ್" ಅಂತ ಹುಡುಕಿ, ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ ಮ್ಯಾನೇಜರ್ ಮೂರಕ್ಕೂ ಅದು ಆಫ್ ಇದೆಯಾ ನೋಡಿ. ಅಮ್ಮನ ಫೋನ್, ಅಜ್ಜಿಯ ಫೋನ್ ಮೊದಲು.

ದುಡ್ಡಿನ ನಡುವೆ ಹಾಕುವ ಬದು

ಟೊಮೆಟೊ ದುಡ್ಡು, ಡೈರಿ ದುಡ್ಡು, ತಾತನ ಪೆನ್ಷನ್, ಮಗಳ ಫೀಸಿಗೆ ಕೂಡಿಟ್ಟದ್ದು ಎಲ್ಲವೂ ಒಂದೇ ಖಾತೆಯಲ್ಲಿ, ಅದೇ ಖಾತೆಗೆ ಯುಪಿಐ, ಅದೇ ಫೋನಿನಲ್ಲಿ ಮಕ್ಕಳ ಗೇಮ್. ನಾನು ಎಲ್ಲಕ್ಕಿಂತ ಒತ್ತಿ ಹೇಳುವುದು ಇದನ್ನು ಬಿಡಿಸಿ ಅಂತ.

ಎರಡು ಖಾತೆ ಇರಲಿ. ಒಂದರಲ್ಲಿ ತಿಂಗಳ ಖರ್ಚಿನಷ್ಟು ಮಾತ್ರ, ಯುಪಿಐ ಅದಕ್ಕೆ ಮಾತ್ರ. ದೊಡ್ಡ ದುಡ್ಡಿರುವ ಖಾತೆಗೆ ಯುಪಿಐ ಬೇಡ. ಆ ಖಾತೆಗೆ ಕೊಟ್ಟ ಸಿಮ್ಮನ್ನು ಹಳೆಯ ಕೀಪ್ಯಾಡ್ ಫೋನಿಗೆ ಹಾಕಿ ಮನೆಯಲ್ಲಿಡಿ. ಕೀಪ್ಯಾಡ್ ಫೋನಿಗೆ ಎಪಿಕೆ ಹಾಕಲು ಬರುವುದಿಲ್ಲ, ಅದರೊಳಗಿನ ಒಟಿಪಿ ಕದಿಯಲು ಆ ಫೈಲಿಗೆ ಆಗುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ದಿನಕ್ಕೆ ಎಷ್ಟು ಕಳಿಸಬಹುದು ಅನ್ನುವ ಮಿತಿಯನ್ನು ಇಳಿಸಲು ಬರುತ್ತದೆ. ಐದು ಸಾವಿರ ಸಾಕಾಗುವ ಮನೆಗೆ ಒಂದು ಲಕ್ಷದ ಮಿತಿ ಯಾಕೆ? ಎಫ್‌ಡಿ ಇದ್ದರೆ ಅದನ್ನು ಆನ್‌ಲೈನಿನಲ್ಲೇ ಒಡೆಯಲು ಆಗುತ್ತದೆಯಾ ಅಂತ ಬ್ರಾಂಚಿನಲ್ಲಿ ಕೇಳಿ, ಆಗುವುದಾದರೆ ನಿಲ್ಲಿಸಲು ಹೇಳಿ.

ಯುಪಿಐ ಪಿನ್ ಬೇಕಾಗುವುದು ದುಡ್ಡು ಕಳಿಸಲು ಮತ್ತು ಬ್ಯಾಲೆನ್ಸ್ ನೋಡಲು. ದುಡ್ಡು ಬರಲು ಪಿನ್ ಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡುವುದೂ ಬೇಕಿಲ್ಲ. ಹಿಂದೆ "ನಿಮಗೆ ದುಡ್ಡು ಬರುತ್ತೆ, ಪಿನ್ ಹಾಕಿ" ಅಂತ ಹೇಳಿ ಕಲೆಕ್ಟ್ ರಿಕ್ವೆಸ್ಟ್, ಅಂದರೆ ನಿಮ್ಮಿಂದ ದುಡ್ಡು ಕೇಳುವ ಕೋರಿಕೆ ಕಳಿಸಿ ಮೋಸ ಮಾಡುತ್ತಿದ್ದರು. ಒಬ್ಬ ವ್ಯಕ್ತಿ ಇನ್ನೊಬ್ಬರಿಗೆ ಅಂಥ ರಿಕ್ವೆಸ್ಟ್ ಕಳಿಸುವುದನ್ನು ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. ವ್ಯಾಪಾರಿಗಳ ರಿಕ್ವೆಸ್ಟ್ ಇನ್ನೂ ಇದೆ, ಅದಕ್ಕೆ ಹೆಸರು ಓದಿಯೇ ಪಿನ್ ಹಾಕಬೇಕು.

ಬೆರಳಚ್ಚಿನಿಂದ ದುಡ್ಡು ತೆಗೆಯುವ ಆಧಾರ್ ಪಾವತಿಗೆ ಒಟಿಪಿ ಬೇಕಿಲ್ಲ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರ ಹತ್ತಿರ ಪೆನ್ಷನ್ ತೆಗೆಯುವವರಿಗೆ ಅದು ದೊಡ್ಡ ಅನುಕೂಲ. ಬಳಸದವರು ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಬಹುದು. ಆದರೆ ನೆನಪಿಡಿ, ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡುವವರೂ ಅವರೇ ಆಗಿದ್ದರೆ ಲಾಕ್ ತೆಗೆದೇ ಹೋಗಬೇಕು, ಇಲ್ಲದಿದ್ದರೆ ಅಕ್ಕಿ ಸಿಗುವುದಿಲ್ಲ. ಸುಮ್ನೆ ಅಜ್ಜಿಯನ್ನು ಕ್ಯೂನಲ್ಲಿ ನಿಲ್ಲಿಸಿ ವಾಪಸ್ ಕಳಿಸುವಂತಾಗಬಾರದು. ರೇಷನ್ನಿಗೆ ಹೋಗುವವರನ್ನು ಬಿಟ್ಟು ಉಳಿದವರದ್ದು ಲಾಕ್ ಮಾಡಿ.

ಬ್ಯಾಂಕಿನ ಸೈಟ್ ನಿಜವಾದದ್ದೇ ಅಂತ ತಿಳಿಯಲು ಈಗ ಒಂದು ಗಟ್ಟಿ ಗುರುತು ಬಂದಿದೆ. ಬ್ಯಾಂಕುಗಳೆಲ್ಲ ತಮ್ಮ ವಿಳಾಸವನ್ನು "ಬ್ಯಾಂಕ್ ಡಾಟ್ ಇನ್"ಗೆ ಬದಲಾಯಿಸಲು ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಆ ಕೊನೆ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ವಿಳಾಸ ಓದುವಾಗ ಶುರುವಿನ https:// ಬಿಟ್ಟು ಆಮೇಲೆ ಬರುವ ಮೊದಲ ಓರೆಗೀಟು (/) ಎಲ್ಲಿದೆ ನೋಡಿ, ಅದರ ಎಡಕ್ಕೆ ಅಂಟಿಕೊಂಡಿರುವ ಭಾಗವೇ ಮಾಲೀಕನ ಹೆಸರು. ವಿಳಾಸದ ಶುರುವಿನಲ್ಲಿ ನಿಮ್ಮ ಬ್ಯಾಂಕಿನ ಹೆಸರಿದ್ದು, ಆ ಗೀಟಿನ ಮುಂಚೆ "ಕೆವೈಸಿ ಅಪ್‌ಡೇಟ್ ಡಾಟ್ ಟಾಪ್" ಅಂತ ಇದ್ದರೆ ಅದು ಬ್ಯಾಂಕಿನದ್ದಲ್ಲ. ಬೀಗದ ಚಿತ್ರ ಇದೆ ಅಂತ ನಂಬುವ ಕಾಲ ಹೋಯಿತು. ಬೀಗ ಹೇಳುವುದು ದಾರಿಯಲ್ಲಿ ಯಾರೂ ಕದ್ದು ಓದುವುದಿಲ್ಲ ಅಂತ ಅಷ್ಟೇ, ಆ ಕಡೆ ಕೂತವನು ಯಾರು ಅಂತ ಅಲ್ಲ. ಜನ ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮ್ 2023ರಲ್ಲಿ ಆ ಚಿತ್ರ ತೆಗೆದುಹಾಕಿತು. ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಪಾಸ್‌ಬುಕ್ ಅಥವಾ ಎಟಿಎಂ ಕಾರ್ಡಿನ ಹಿಂದೆ ಬರೆದಿರುತ್ತದೆ.

ಪಾಸ್‌ವರ್ಡ್, ರೂಟರ್

ನಮ್ಮ ಕಡೆ ಪಾಸ್‌ವರ್ಡ್ ಹೇಗಿರುತ್ತದೆ? ಮನೆದೇವರ ಹೆಸರು, ಮುಂದೆ 123. ಇಲ್ಲದಿದ್ದರೆ ಕೆಎ 07 ಗಾಡಿ ನಂಬರ್. ಅದೇ ಪಾಸ್‌ವರ್ಡ್ ಮೇಲ್‌ಗೂ, ಶಾಪಿಂಗ್ ಸೈಟಿಗೂ, ಪರೀಕ್ಷೆ ಅರ್ಜಿಗೂ. ಯಾವುದೋ ಒಂದು ಸಣ್ಣ ಸೈಟಿನಿಂದ ಪಟ್ಟಿ ಕಳುವಾದರೆ, ಕಳ್ಳರು ಅದೇ ಮೇಲ್, ಅದೇ ಪಾಸ್‌ವರ್ಡನ್ನು ಉಳಿದ ನೂರು ಕಡೆ ಹಾಕಿ ನೋಡುತ್ತಾರೆ. ಅದನ್ನು ಮಾಡುವುದು ಯಂತ್ರ, ಅದಕ್ಕೆ ಸುಸ್ತಾಗುವುದಿಲ್ಲ.

ಎಲ್ಲಕ್ಕೂ ಮುಖ್ಯವಾದದ್ದು ಮೇಲ್ ಪಾಸ್‌ವರ್ಡ್. ಉಳಿದ ಎಲ್ಲ ಸೈಟುಗಳ "ಪಾಸ್‌ವರ್ಡ್ ಮರೆತಿರಾ" ಲಿಂಕ್ ಬರುವುದು ಅಲ್ಲಿಗೇ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ತೆಗೆದುಕೊಂಡು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಹಲಸು, ಸೈಕಲ್, ಅಮಾವಾಸ್ಯೆ, ಚಕ್ಕುಲಿ ಅನ್ನುವ ಹಾಗೆ. ಇದೇ ನಾಲ್ಕು ಬೇಡ, ನಿಮ್ಮದು ನೀವು ಆರಿಸಿ. ಉದ್ದವೇ ಬಲ. ಎರಡು ಹಂತದ ಪರಿಶೀಲನೆ ಆನ್ ಮಾಡಿ, ವಾಟ್ಸ್‌ಆ್ಯಪ್‌ಗೂ ಆರು ಅಂಕಿಯ ಪಿನ್ ಇಡಿ. ಪಾಸ್‌ವರ್ಡ್‌ಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿಟ್ಟರೆ ತಪ್ಪೇನಿಲ್ಲ. ದೂರದ ಊರಿನ ಕಳ್ಳ ನಿಮ್ಮ ಬೀರು ತೆಗೆಯಲಾರ. ಆದರೆ ಬ್ಯಾಂಕ್ ಪಿನ್ ಅದರಲ್ಲಿ ಬೇಡ.

ವೈಫೈ ರೂಟರನ್ನು ಕೇಬಲ್‌ನವರು ಬಂದು ಹಾಕಿ ಹೋಗುತ್ತಾರೆ, ಆಮೇಲೆ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. 2016ರಲ್ಲಿ ಮಿರಾಯ್ ಅನ್ನುವ ಪ್ರೋಗ್ರಾಮ್ ಲಕ್ಷಾಂತರ ರೂಟರ್, ಕ್ಯಾಮೆರಾಗಳನ್ನು ಹಿಡಿದದ್ದು ಕಂಪನಿಯೇ ಹಾಕಿ ಕಳಿಸಿದ ಅರವತ್ತರಷ್ಟು ಹೆಸರು ಮತ್ತು ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ. ಹಾಗೆ ಹಿಡಿದ ಸಾಧನಗಳಿಂದಲೇ ಆ ಅಕ್ಟೋಬರ್‌ನಲ್ಲಿ ಸೈಟಿನ ಹೆಸರು ಹಾಕಿದಾಗ ಅದರ ದಾರಿ ಹುಡುಕಿಕೊಡುವ (ಡಿಎನ್‌ಎಸ್) ಕೆಲಸ ಮಾಡುತ್ತಿದ್ದ ಡೈನ್ ಅನ್ನುವ ಕಂಪನಿಯ ಮೇಲೆ ದಾಳಿ ನಡೆದು, ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ತರಹದ ಸೈಟುಗಳು ಗಂಟೆಗಟ್ಟಲೆ ತೆರೆಯಲಿಲ್ಲ. ತೋಟದ ಮೋಟಾರ್ ಕದಿಯುತ್ತಾರೆ ಅಂತ ಹಾಕಿಸಿದ ಕ್ಯಾಮೆರಾಗೂ ಇದೇ ಮಾತು ಅನ್ವಯಿಸುತ್ತದೆ. ವೈಫೈ ಪಾಸ್‌ವರ್ಡ್ ಒಂದು, ರೂಟರಿನ ಸೆಟ್ಟಿಂಗ್ಸ್ ತೆರೆಯುವ ಪಾಸ್‌ವರ್ಡ್ ಇನ್ನೊಂದು, ಎರಡನ್ನೂ ಬದಲಾಯಿಸಿ. ರೂಟರಿನ ಡಿಎನ್‌ಎಸ್ ಜಾಗದಲ್ಲಿ 1.1.1.3 ಮತ್ತು 1.0.0.3 ಅಂತ ಹಾಕಿದರೆ ಗೊತ್ತಿರುವ ಕೆಟ್ಟ ಸೈಟುಗಳು, ಅಶ್ಲೀಲ ಸೈಟುಗಳು ಮನೆ ವೈಫೈನಲ್ಲಿ ತೆರೆಯುವುದಿಲ್ಲ. ಕ್ಲೌಡ್‌ಫ್ಲೇರ್ ಅನ್ನುವ ಕಂಪನಿ ಇದನ್ನು ಪುಕ್ಕಟೆ ಕೊಡುತ್ತದೆ. ಮೊಬೈಲ್ ಡೇಟಾಗೆ ಇದು ತಾಗುವುದಿಲ್ಲ.

ಹೆದರಿಕೆ ಮತ್ತು ಒಂಟಿತನ

ಇಲ್ಲಿಯವರೆಗೆ ಹೇಳಿದ್ದೆಲ್ಲ ಯಂತ್ರದ ವಿಷಯ. ಯಾವ ಸೆಟ್ಟಿಂಗೂ ತಡೆಯಲಾರದ ಒಂದು ಮೋಸ ಇದೆ, ಹೆದರಿಸಿ ಒಂಟಿ ಮಾಡುವುದು.

ದೊಡ್ಡವರಿಗೆ ಅದು "ಡಿಜಿಟಲ್ ಅರೆಸ್ಟ್" ಆಗಿ ಬರುತ್ತದೆ. ವಿಡಿಯೋ ಕಾಲ್‌ನಲ್ಲಿ ಪೊಲೀಸ್ ಯೂನಿಫಾರ್ಮ್, ಹಿಂದೆ ಠಾಣೆಯ ಹಾಗೆ ಕಾಣುವ ಗೋಡೆ. ನಿಮ್ಮ ಆಧಾರ್ ಮೇಲೆ ಡ್ರಗ್ಸ್ ಪಾರ್ಸಲ್ ಹೋಗಿದೆ, ಯಾರಿಗೂ ಹೇಳಬೇಡಿ, ಕ್ಯಾಮೆರಾ ಮುಂದಿನಿಂದ ಏಳಬೇಡಿ ಅನ್ನುತ್ತಾರೆ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೇ ಇದನ್ನು ಹೇಳಿದರು. ಆದರೆ ಹೆದರಿದ ಹೊತ್ತಿನಲ್ಲಿ ಕಾನೂನು ನೆನಪಾಗುವುದಿಲ್ಲ. ಹಾಗಾಗಿ ತಾತ, ಅಜ್ಜಿಗೆ ಒಂದೇ ನಿಯಮ ಹೇಳಿಕೊಡಿ: "ಮನೆಯವರಿಗೆ ಹೇಳಬೇಡಿ" ಅಂದವನ ಫೋನ್ ಅಲ್ಲೇ ಕಟ್ ಮಾಡಿ. ಯಾವ ಇಲಾಖೆ, ಯಾವ ಕೇಸು ಅಂತ ತಿಳಿಯುವ ಅಗತ್ಯವೇ ಇಲ್ಲ. ದನಿಯನ್ನು ನಕಲು ಮಾಡಿ "ಅಪ್ಪಾ ಆಕ್ಸಿಡೆಂಟ್ ಆಯ್ತು, ದುಡ್ಡು ಕಳ್ಸು" ಅನ್ನುವ ಫೋನೂ ಬರುತ್ತವೆ. ಮಗನ ನಂಬರಿಗೆ ನೀವೇ ವಾಪಸ್ ಮಾಡಿ.

ಮಕ್ಕಳಿಗೆ ಅದು ಇನ್‌ಸ್ಟಾಗ್ರಾಮಿನಲ್ಲಿ ಸ್ನೇಹದ ರೂಪದಲ್ಲಿ ಬರುತ್ತದೆ. ಒಂದು ಫೋಟೋ ಕೇಳುತ್ತಾರೆ, ಸಿಕ್ಕ ಮೇಲೆ "ದುಡ್ಡು ಕೊಡು, ಇಲ್ಲಾಂದ್ರೆ ನಿಮ್ಮಪ್ಪನಿಗೆ ಕಳಿಸ್ತೀನಿ" ಅನ್ನುತ್ತಾರೆ. ಗಮನಿಸಿ, ಇಲ್ಲಿ ಕಳ್ಳನ ಕೈಯಲ್ಲಿರುವ ಆಯುಧ ಫೋಟೋ ಅಲ್ಲ, ಅಪ್ಪನ ಮೇಲಿನ ಹೆದರಿಕೆ. ಮಗು ಬಂದು ಹೇಳಿದ ದಿನ ಬೈದರೆ, ಫೋನ್ ಕಿತ್ತುಕೊಂಡರೆ, ಮುಂದಿನ ಸಲ ಅದು ಬಂದು ಹೇಳುವುದಿಲ್ಲ. ದಯವಿಟ್ಟು ಇದನ್ನು ಇವತ್ತೇ ಮಕ್ಕಳಿಗೆ ಹೇಳಿ: "ಏನೇ ಆಗಿರಲಿ, ನನ್ನ ಹತ್ತಿರ ಬಾ, ಬೈಯಲ್ಲ." ಹೇಳಿದ ಮೇಲೆ ಆ ಮಾತು ಉಳಿಸಿಕೊಳ್ಳಿ. ಕೇಳಿದ ದುಡ್ಡು ಕೊಡಬೇಡಿ, ಕೊಟ್ಟರೆ ಇನ್ನೂ ಕೇಳುತ್ತಾರೆ. ಮಕ್ಕಳ ಸಹಾಯವಾಣಿ 1098. ಹದಿನೆಂಟರ ಒಳಗೆ ತೆಗೆದ ಅಂಥ ಫೋಟೋ ಹರಡದಂತೆ ತಡೆಯಲು "ಟೇಕ್ ಇಟ್ ಡೌನ್" ಅನ್ನುವ ಉಚಿತ ಸೇವೆ ಇದೆ. ಫೋಟೋವನ್ನು ಅವರಿಗೆ ಕಳಿಸಬೇಕಾಗಿಲ್ಲ. ಅದರಿಂದ ಒಂದು ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ, ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥ ಕಂಪನಿಗಳು ಅದನ್ನು ಹೋಲಿಸಿ ತಡೆಯುತ್ತವೆ.

ಚಿಕ್ಕ ಮಕ್ಕಳ ಫೋನಿಗೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿದರೆ ಹೊಸ ಆ್ಯಪ್‌ಗೆ ನಿಮ್ಮ ಒಪ್ಪಿಗೆ ಬೇಕಾಗುತ್ತದೆ, ರಾತ್ರಿ ಹೊತ್ತಿಗೆ ತಾನೇ ಲಾಕ್ ಆಗುತ್ತದೆ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಸೆಟ್ಟಿಂಗ್ ಆನ್ ಮಾಡಿ. ಹದಿನೈದು, ಹದಿನಾರರವರಿಗೆ ಕದ್ದು ನೋಡುವ ಆ್ಯಪ್ ಹಾಕುವುದನ್ನು ನಾನು ಒಪ್ಪುವುದಿಲ್ಲ. ಸಿಕ್ಕಿಬಿದ್ದರೆ ನಂಬಿಕೆ ಹೋಗುತ್ತದೆ, ಆಗ ಬಂದು ಹೇಳುವ ದಾರಿಯೂ ಮುಚ್ಚುತ್ತದೆ.

ಆಗಿಯೇ ಬಿಟ್ಟರೆ

ದುಡ್ಡು ಹೋಗಿದೆ ಅಂತ ಗೊತ್ತಾದ ಕ್ಷಣ ಯಾರ ತಪ್ಪು ಅಂತ ಮಾತಾಡಬೇಡಿ. 1930ಕ್ಕೆ ಫೋನ್ ಮಾಡಿ. ಕದ್ದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬೇಗ ಬೇಗ ಓಡುತ್ತದೆ. 1930ರಲ್ಲಿ ಕೊಟ್ಟ ದೂರು ಆ ಬ್ಯಾಂಕುಗಳಿಗೆ ಹೋಗಿ, ದಾರಿಯಲ್ಲಿ ಎಲ್ಲಿ ಸಿಕ್ಕಿದರೆ ಅಲ್ಲಿ ತಡೆಹಿಡಿಯುತ್ತಾರೆ. ಎಟಿಎಂನಿಂದ ಆಚೆ ಬಂದ ಮೇಲೆ ಕಷ್ಟ. ಫೋನ್ ಮಾಡುವಾಗ ಕೈಯಲ್ಲಿರಬೇಕಾದದ್ದು: ಖಾತೆ ನಂಬರ್, ಎಷ್ಟು ಹೊತ್ತಿಗೆ ಎಷ್ಟು ಹೋಯಿತು, ಮತ್ತು ಯುಪಿಐ ವಿವರದಲ್ಲಿ ಕಾಣುವ 12 ಅಂಕಿಯ ಯುಟಿಆರ್ ನಂಬರ್.

ಎಪಿಕೆ ಹಾಕಿದ ಫೋನಾಗಿದ್ದರೆ ಮೊದಲು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೆ ಫೋನಿನಿಂದ ಮಾತಾಡಿ. ಆಮೇಲೆ ಬ್ಯಾಂಕಿಗೆ ತಿಳಿಸಿ, ದೂರಿನ ನಂಬರ್ ಬರೆದುಕೊಳ್ಳಿ. ಇದಕ್ಕೆ ಕಾರಣ ಇದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ ಆದೇಶದ ಪ್ರಕಾರ, ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಅಂತಾದರೆ ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ನಷ್ಟ ಇಲ್ಲ. ನೀವೇ ಒಟಿಪಿ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಎರಡೂ ಕಡೆ ಲೆಕ್ಕಕ್ಕೆ ಬರುವುದು ನೀವು ತಿಳಿಸಿದ ಹೊತ್ತು. ಅದಕ್ಕೇ ಮನೆಯಲ್ಲಿ ಹೇಳಲು ಹೆದರಿ ಎರಡು ದಿನ ಮುಚ್ಚಿಟ್ಟರೆ ಬೀಳುವ ಪೆಟ್ಟು ಜಾಸ್ತಿ.

ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ನಾಚಿಕೆ ಅಂತ ಚಾಟ್ ಅಳಿಸಬೇಡಿ. ಕೋಲಾರದಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆ ಇದೆ, ಲಿಖಿತ ದೂರು ಅಲ್ಲಿ ಕೊಡಬಹುದು. ಫೋನೇ ಕಳೆದಿದ್ದರೆ ಸಿಮ್ ಬ್ಲಾಕ್ ಮಾಡಿಸಿ, ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಫೋನನ್ನೂ ಬ್ಲಾಕ್ ಮಾಡಿಸಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ಅದೇ ಜಾಗದಲ್ಲಿ ನೋಡಬಹುದು, ಗೊತ್ತಿಲ್ಲದ್ದು ಕಂಡರೆ ಅಲ್ಲೇ ತಿಳಿಸಬಹುದು.

ದೂರು ಕೊಟ್ಟ ಕೆಲವು ದಿನಗಳಲ್ಲಿ ಇನ್ನೊಂದು ಫೋನ್ ಬರುವ ಸಾಧ್ಯತೆ ಇದೆ. "ನಿಮ್ಮ ದುಡ್ಡು ಪತ್ತೆಯಾಗಿದೆ, ಬಿಡಿಸಲು ಇಷ್ಟು ಫೀಸ್ ಕಟ್ಟಿ" ಅಂತ. ನಿಮ್ಮ ಹೆಸರು, ಹೋದ ದುಡ್ಡಿನ ಮೊತ್ತ ಎಲ್ಲ ಸರಿಯಾಗಿಯೇ ಹೇಳುತ್ತಾರೆ. ಕದ್ದವರಿಗೆ ಆ ಲೆಕ್ಕ ಗೊತ್ತಿರುತ್ತದೆ, ಅಲ್ವಾ? ತಡೆಹಿಡಿದ ದುಡ್ಡನ್ನು ವಾಪಸ್ ಕೊಡಿಸಲು ಪೊಲೀಸರೂ ಬ್ಯಾಂಕಿನವರೂ ಫೋನ್ ಮಾಡಿ ಫೀಸ್ ಕೇಳುವುದಿಲ್ಲ. ಆ ನಂಬರನ್ನೂ ಬರೆದುಕೊಂಡು ಅದೇ ದೂರಿಗೆ ಸೇರಿಸಿ.